ಯಾವ ದವಾಖಾನಿ ಚಲೋ? – ಒಂದು ಹಳೇ ಪ್ರಶ್ನೆಯ ಚರಿತ್ರೆ

ನಮ್ಮ ಮಾನ್ವಿ ಸೀಮೆಯಲ್ಲಿ ಯಾರಿಗಾದರೂ ಆರಾಮಿಲ್ಲ ಅಂತ ಗೊತ್ತಾದರೆ ಕೇಳೋದು ಎರಡು ಪ್ರಶ್ನೆ. ಒಂದು, ‘ಏನಾಗ್ಯದ?’ ಇನ್ನೊಂದು, ‘ಎಲ್ಲಿ ತೋರ್ಸೀರಿ?’ ಮೊದಲನೇದಕ್ಕೆ ಉತ್ತರ ಒಂದೇ ಮಾತಲ್ಲಿ ಮುಗಿಯುತ್ತೆ. ಎರಡನೇದು ಮಾತ್ರ ಮುಗಿಯೋದೇ ಇಲ್ಲ. ‘ಅಯ್ಯ, ಅಲ್ಲಿ ಯಾಕ ಹೋದ್ರಿ? ನಮ್ಮ ಅಳಿಯಗ ಅಲ್ಲೇ ಹಂಗಾತು’ ಅಂತ ಒಬ್ಬರು, ‘ಅವ್ರ ಕೈಗುಣ ಚಲೋ ಅದ, ಏನೂ ಚಿಂತಿ ಮಾಡಬ್ಯಾಡ್ರಿ’ ಅಂತ ಇನ್ನೊಬ್ಬರು. ಹಿರೇಕೊಟ್ನೆಕಲ್ಲಿನ ಕಟ್ಟೆ ಮೇಲೆ ಅರ್ಧ ಗಂಟೆ ಕೂತರೆ ಮಾನ್ವಿ, ಸಿಂಧನೂರು, ರಾಯಚೂರಿನ ಅಷ್ಟೂ ನರ್ಸಿಂಗ್ ಹೋಮುಗಳ ಜಾತಕ ಸಿಗುತ್ತೆ.

ಈ ಜಾತಕ ಎಷ್ಟು ನಿಜ? ಒಂದು ಆಸ್ಪತ್ರೆ ಇನ್ನೊಂದಕ್ಕಿಂತ ಒಳ್ಳೇದು ಅಂತ ಹೇಳೋದು ಹೇಗೆ? ಇದನ್ನ ಬೇರೆಯವರು ಮೊದಲೇ ಕೇಳಿಕೊಂಡಿದ್ದಾರಾ ಅಂತ ಹುಡುಕುತ್ತಾ ಹೋದರೆ, ನೂರೆಪ್ಪತ್ತು ವರ್ಷಕ್ಕೂ ಹಿಂದಿನ ವಿಯೆನ್ನಾದವರೆಗೆ ಹೋಗಬೇಕಾಯ್ತು. ಅದನ್ನೆಲ್ಲ ಒಂದು ಕಡೆ ಬರೆದಿಡೋಣ ಅಂತ ಈ ಬರಹ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ದವಾಖಾನಿ ಅನ್ನೋ ಮಾತು

ಮೈಸೂರು ಕಡೆಯವರು ಆಸ್ಪತ್ರೆ ಅಂತಾರೆ, ಅದು ಇಂಗ್ಲಿಷಿನಿಂದ ಬಂದು ನಾಲಿಗೆಗೆ ಒಗ್ಗಿದ ಮಾತು. ನಮ್ಮ ಕಡೆ ದವಾಖಾನಿ. ದವಾ ಅಂದರೆ ಔಷಧಿ, ಖಾನಾ ಅಂದರೆ ಮನೆ. ಮೊದಲನೇದು ಅರಬ್ಬಿ, ಎರಡನೇದು ಪಾರ್ಸಿ, ನಮಗೆ ಬಂದಿದ್ದು ಉರ್ದು ದಾರಿಯಿಂದ. ಈ ಒಂದು ಮಾತಿನಲ್ಲೇ ನಮ್ಮ ಸೀಮೆಯ ಚರಿತ್ರೆ ಇದೆ. ಕೃಷ್ಣಾ ತುಂಗಭದ್ರಾ ನಡುವಿನ ಈ ದೋಆಬ್ ನಿಜಾಮರ ಸಂಸ್ಥಾನದಲ್ಲಿತ್ತು. 1853ರಲ್ಲಿ ಕಂಪನಿ ಸರಕಾರ ಸಾಲದ ಬಾಬ್ತು ಇದನ್ನು ತನ್ನ ವಶಕ್ಕೆ ತಗೊಂಡು, 1860ರಲ್ಲಿ ವಾಪಸ್ಸು ಕೊಟ್ಟಿತು. ಆ ಏಳು ವರ್ಷ ಬಿಟ್ಟರೆ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆವರೆಗೂ ನಮಗೆ ರಾಜಧಾನಿ ಅಂದರೆ ಹೈದರಾಬಾದೇ.

ದೊಡ್ಡ ಕಾಯಿಲೆ ಅಂದರೂ ಹೈದರಾಬಾದೇ. ಅಲ್ಲಿ ವೈದ್ಯ ಶಾಲೆ ಶುರುವಾಗಿದ್ದು 1846ರಲ್ಲಿ. 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನ ರೊನಾಲ್ಡ್ ರಾಸ್ ಕಂಡುಹಿಡಿದಿದ್ದು ಸಿಕಂದರಾಬಾದಿನಲ್ಲಿ. 1908ರಲ್ಲಿ ಮೂಸಿ ನದಿಗೆ ಮಹಾಪೂರ ಬಂದು ಅಫ್ಜಲ್‌ಗಂಜಿನ ಆಸ್ಪತ್ರೆ ಕೊಚ್ಚಿಹೋಯ್ತು. ಆಮೇಲೆ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಅದೇ ಮೂಸಿ ದಂಡೆ ಮೇಲೆ ಎದ್ದಿದ್ದು ಉಸ್ಮಾನಿಯಾ ಆಸ್ಪತ್ರೆ. ರಾಯಚೂರಿಗೆ ಒಂದು ಅನುಕೂಲ ಇತ್ತು. 1871ರಲ್ಲಿ ಮುಂಬಯಿ ಕಡೆಯ ರೈಲು, ಮದ್ರಾಸು ಕಡೆಯ ರೈಲು ಎರಡೂ ಬಂದು ಕೂಡಿದ್ದು ಇಲ್ಲೇ. ಹಾಗಾಗಿ ದುಡ್ಡಿದ್ದವರು ವಾಡಿ ಮೇಲಿಂದ ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗಬಹುದಿತ್ತು. ಹೆಸರುವಾಸಿ ಆಗಿದ್ದ ಇನ್ನೊಂದು ಊರು ಮೀರಜ್. ಅಲ್ಲಿ ವಿಲಿಯಂ ವಾನ್ಲೆಸ್ ಅನ್ನೋ ಮಿಶನರಿ ವೈದ್ಯ 1894ರಲ್ಲಿ ಆಸ್ಪತ್ರೆ ತೆಗೆದ ಮೇಲೆ ಉತ್ತರ ಕರ್ನಾಟಕದ ಮಂದಿಗೆ ‘ಮೀರಜಿಗೆ ಒಯ್ದೀವಿ’ ಅನ್ನೋದು ಕೊನೇ ಪ್ರಯತ್ನದ ಮಾತಾಯ್ತು.

ದುಡ್ಡಿಲ್ಲದವರಿಗೆ? ಊರಲ್ಲಿ ಹಕೀಮರು, ನಾಟಿ ವೈದ್ಯರು, ಹೆರಿಗೆಗೆ ಸೂಲಗಿತ್ತಿ. ಆಯ್ಕೆಯೇ ಇಲ್ಲದ ಮೇಲೆ ಹೋಲಿಕೆಯ ಪ್ರಶ್ನೆ ಎಲ್ಲಿ ಬಂತು? ‘ಯಾವ ದವಾಖಾನಿ ಚಲೋ’ ಅಂತ ಕೇಳೋಕೆ ಕನಿಷ್ಠ ಎರಡು ದವಾಖಾನಿಯಾದರೂ ಬೇಕಲ್ಲ!

ಎರಡನೇ ದವಾಖಾನಿ ಬಂದಿದ್ದು

1946ರ ಭೋರ್ ಸಮಿತಿ ಮೊದಲ ಹೆಜ್ಜೆಯಾಗಿ 40,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಅಂದಿತ್ತು. 1952ರ ಸಮುದಾಯ ಅಭಿವೃದ್ಧಿ ಯೋಜನೆ ಜೊತೆಗೆ ದೇಶದಲ್ಲಿ ಅವು ಶುರುವಾದವು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ಹೈದರಾಬಾದು ಪಕ್ಕದ ರಾಜ್ಯದ ರಾಜಧಾನಿ ಆಯ್ತು, ನಮ್ಮ ರಾಜಧಾನಿ ಬೆಂಗಳೂರು ದೂರ ಉಳೀತು. ರೋಗಿಗಳಿಗೆ ರಾಜ್ಯದ ಗಡಿ ಗೊತ್ತಾಗಲ್ಲ ನೋಡಿ, ಅವರು ಕರ್ನೂಲಿಗೆ, ಹೈದರಾಬಾದಿಗೆ ಹೋಗ್ತಾನೇ ಇದ್ದರು.

ಸುತ್ತ ಮೆಡಿಕಲ್ ಕಾಲೇಜುಗಳು ಬಂದಿದ್ದು ಆ ಹೊತ್ತಿಗೇ. ಹುಬ್ಬಳ್ಳಿ ಮತ್ತು ಕರ್ನೂಲಿನಲ್ಲಿ 1957, ಬಳ್ಳಾರಿಯಲ್ಲಿ 1961, ಕಲಬುರಗಿಯಲ್ಲಿ 1963. ಇನ್ನೊಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆ. ಸಿಂಧನೂರು, ಮಾನ್ವಿ ಕಡೆ ನೀರು ಹರಿದು, ಜೋಳ ಬೆಳೀತಿದ್ದ ನೆಲದಲ್ಲಿ ಭತ್ತ ಬಂತು. ಆಂಧ್ರದ ಕಡೆಯಿಂದ ಬಂದ ರೈತರ ಕ್ಯಾಂಪುಗಳಾದವು, ರೈಸ್ ಮಿಲ್ಲುಗಳಾದವು. ಕೈಯಲ್ಲಿ ರೊಕ್ಕ ಆಡೋ ಊರಿಗೆ ಹೊಸ ಡಾಕ್ಟರುಗಳು ಬಂದು ಬೋರ್ಡು ಹಾಕಿದರು. ಕಾಲುವೆಯ ನೀರು ತಲುಪದ ದೇವದುರ್ಗದ ಹಳ್ಳಿಗಳಿಗೂ ಕಾಲುವೆ ಹರಿದ ಮಾನ್ವಿಯ ಹಳ್ಳಿಗಳಿಗೂ ಈ ವಿಷಯದಲ್ಲಿ ಎಷ್ಟೋ ಅಂತರ ಇತ್ತು.

ನರ್ಸಿಂಗ್ ಹೋಮ್ ಅನ್ನೋ ಹೆಸರಿನದೂ ಒಂದು ತಮಾಷೆ. ವಿದೇಶದಲ್ಲಿರೋ ಗೆಳೆಯರಿಗೆ ‘ಅತ್ತೀನ ನರ್ಸಿಂಗ್ ಹೋಮಿಗೆ ಸೇರಿಸಿದೀವಿ’ ಅಂದರೆ ಗಾಬರಿಯಾಗ್ತಾರೆ, ಯಾಕಂದ್ರೆ ಈಗ ಅಲ್ಲಿ ಅದು ವಯಸ್ಸಾದವರನ್ನ ಇಟ್ಟು ನೋಡಿಕೊಳ್ಳೋ ಜಾಗ. ಇಂಗ್ಲೆಂಡಿನಲ್ಲಿ 1927ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ ಬಂದ ಕಾಲಕ್ಕೆ ಆ ಮಾತಿಗೆ ಖಾಸಗಿಯಾಗಿ ರೋಗಿಗಳನ್ನ, ಬಾಣಂತಿಯರನ್ನ ಇಟ್ಟುಕೊಂಡು ಶುಶ್ರೂಷೆ ಮಾಡೋ ಮನೆ ಅನ್ನೋ ಅರ್ಥ ಇತ್ತು. ಅದೇ ಮಾತು 1949ರ ಮುಂಬಯಿ ಕಾಯ್ದೆಗೆ ಬಂತು, ನಮ್ಮಲ್ಲಿ 1976ರ ಕರ್ನಾಟಕ ಖಾಸಗಿ ನರ್ಸಿಂಗ್ ಹೋಮುಗಳ ಕಾಯ್ದೆಗೂ ಬಂತು. ಅಲ್ಲಿ ಅರ್ಥ ಬದಲಾಯ್ತು, ಇಲ್ಲಿ ಹಳೇ ಅರ್ಥವೇ ಉಳೀತು.

ನಮ್ಮ ತಾಲೂಕು ಊರುಗಳ ನರ್ಸಿಂಗ್ ಹೋಮಿನ ಚಿತ್ರ ನಿಮಗೆಲ್ಲ ಗೊತ್ತಿರೋದೇ. ಗಂಡ ಹೆಂಡತಿ ಇಬ್ಬರೂ ಡಾಕ್ಟರು, ಅವರು ಜನರಲ್ ಇವರು ಹೆರಿಗೆ. ಕೆಳಗೆ ದವಾಖಾನಿ, ಮೇಲೆ ಮನೆ. ಮುಂದೆ ಮೆಡಿಕಲ್ ಶಾಪು, ಪಕ್ಕದಲ್ಲಿ ರಕ್ತ ಪರೀಕ್ಷೆಯ ಕೋಣೆ, ಮೆಟ್ಟಿಲ ಕೆಳಗೆ ಚಪ್ಪಲಿ ರಾಶಿ. ಅರಿವಳಿಕೆ ಡಾಕ್ಟರು ಕರೆದಾಗ ಬೇರೆ ಕಡೆಯಿಂದ ಬರ್ತಾರೆ. ಅರ್ಧ ರಾತ್ರಿಗೆ ಬಾಗಿಲು ಬಡಿದರೆ ಮಹಡಿ ಮೇಲಿಂದ ಇಳಿದು ಬರೋ ಈ ಡಾಕ್ಟರುಗಳೇ ನಮ್ಮ ಸೀಮೆಯ ಎಷ್ಟೋ ಜೀವ ಉಳಿಸಿದ್ದು. ಅದನ್ನ ಮೊದಲೇ ಹೇಳಿಬಿಡ್ತೀನಿ, ಮುಂದೆ ಬರೆಯೋದು ಬರೀ ದೂರು ಅನ್ನಿಸಬಾರದು.

ವಿಯೆನ್ನಾದ ಬಸುರಿಯರಿಗೆ ಗೊತ್ತಿತ್ತು

ಈಗ ಹೋಲಿಕೆಯ ಕತೆಗೆ ಬರೋಣ. 1840ರ ದಶಕದ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗ. ಒಂದನೇದರಲ್ಲಿ ಡಾಕ್ಟರುಗಳು, ವೈದ್ಯ ವಿದ್ಯಾರ್ಥಿಗಳು. ಎರಡನೇದರಲ್ಲಿ ಸೂಲಗಿತ್ತಿಯರು. ಒಂದು ದಿನ ಬಂದ ಬಸುರಿಯರು ಒಂದನೇದಕ್ಕೆ, ಮರುದಿನ ಬಂದವರು ಎರಡನೇದಕ್ಕೆ. 1841ರಿಂದ 46ರವರೆಗಿನ ಲೆಕ್ಕದಲ್ಲಿ ಒಂದನೇ ವಿಭಾಗದಲ್ಲಿ ನೂರಕ್ಕೆ ಹತ್ತಿರ ಹತ್ತಿರ ಹತ್ತು ತಾಯಂದಿರು ಸತ್ತರೆ, ಎರಡನೇದರಲ್ಲಿ ನಾಲ್ಕು. ಈ ಲೆಕ್ಕ ಊರಿನ ಹೆಂಗಸರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಆದರೂ ‘ಒಂದನೇದಕ್ಕೆ ಹಾಕಬೇಡಿ’ ಅಂತ ಮೊಣಕಾಲೂರಿ ಬೇಡಿಕೊಳ್ತಿದ್ದರಂತೆ. ದಾರಿಯಲ್ಲೇ ಹೆರಿಗೆ ಮಾಡಿಕೊಂಡು ಬಂದವರೂ ಇದ್ದರು.

ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನೋ ವೈದ್ಯ ಈ ಅಂತರದ ಕಾರಣ ಹುಡುಕಿದ. ಒಂದನೇ ವಿಭಾಗದವರು ಹೆಣ ಕೊಯ್ಯೋ ಕೋಣೆಯಿಂದ ನೇರ ಹೆರಿಗೆ ಕೋಣೆಗೆ ಬರ್ತಿದ್ದರು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ನೀರಲ್ಲಿ ಕೈ ತೊಳೆದೇ ಒಳಗೆ ಬರಬೇಕು ಅಂತ ಕಡ್ಡಾಯ ಮಾಡಿದ. 1848ರಲ್ಲಿ ಸಾವು ನೂರಕ್ಕೆ ಒಂದೂಕಾಲರ ಹತ್ತಿರಕ್ಕೆ ಇಳೀತು, ಎರಡೂ ವಿಭಾಗ ಸಮ ಆದವು.

ನಮ್ಮವರು ‘ಕೈಗುಣ’ ಅಂತಾರಲ್ಲ, ಅದರಲ್ಲಿ ಅದೃಷ್ಟದ ಮಾತು ಎಷ್ಟು, ತೊಳೆದ ಕೈಯ ಮಾತು ಎಷ್ಟು ಅಂತ ಯೋಚಿಸುವಂತೆ ಮಾಡುತ್ತೆ ಈ ಕತೆ. ಕಟ್ಟೆ ಮೇಲಿನ ಮಾತನ್ನ ಪೂರ್ತಿ ತಳ್ಳಿಹಾಕೋಕೆ ಆಗಲ್ಲ. ವಿಯೆನ್ನಾದ ಬಸುರಿಯರು ಪ್ರೊಫೆಸರುಗಳಿಗಿಂತ ಮೊದಲೇ ಸರಿಯಾಗಿ ಹೇಳಿದ್ದರು.

ಆದರೆ ಲೆಕ್ಕವೂ ದಾರಿ ತಪ್ಪಿಸುತ್ತೆ

ಹದಿನೈದು ವರ್ಷದ ನಂತರ ಲಂಡನ್ನಿಗೆ ಬನ್ನಿ. ಫ್ಲಾರೆನ್ಸ್ ನೈಟಿಂಗೇಲ್ ನಮಗೆಲ್ಲ ದೀಪ ಹಿಡಿದ ದಾದಿಯಾಗಿ ಪಾಠದಲ್ಲಿ ಗೊತ್ತು. ಅಂಕಿಅಂಶದಲ್ಲೂ ಆಕೆ ಗಟ್ಟಿಗಿತ್ತಿ. ಎಲ್ಲಾ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕ ಇಡಬೇಕು ಅಂತ 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಯೋಜನೆ ಕೊಟ್ಟಳು. 1863ರಲ್ಲಿ ಆಸ್ಪತ್ರೆಗಳ ಬಗ್ಗೆ ಬರೆದ ತನ್ನ ಪುಸ್ತಕದ ಹೊಸ ಆವೃತ್ತಿಯಲ್ಲಿ ವಿಲಿಯಂ ಫಾರ್ ಮಾಡಿದ ಒಂದು ಪಟ್ಟಿ ಹಾಕಿದಳು. ಅದರ ಪ್ರಕಾರ ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ತೊಂಬತ್ತು ಚಿಲ್ಲರೆ!

ಅಂದರೆ ಹೋದವರಲ್ಲಿ ಹತ್ತರಲ್ಲಿ ಒಂಬತ್ತು ಜನ ವಾಪಸ್ಸು ಬರ್ತಿರಲಿಲ್ವಾ? ಹಾಗಲ್ಲ. ಫಾರ್ ಇಡೀ ವರ್ಷದ ಸಾವನ್ನ 1861ರ ಏಪ್ರಿಲ್ 8ನೇ ತಾರೀಖು ಒಂದೇ ದಿನ ಹಾಸಿಗೆ ಮೇಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದ. ಒಂದು ಹಾಸಿಗೆ ವರ್ಷಕ್ಕೆ ಹತ್ತಾರು ರೋಗಿಗಳನ್ನ ನೋಡುತ್ತೆ, ಆ ಲೆಕ್ಕ ಹಿಡಿದರೆ ಪ್ರಮಾಣ ಎಷ್ಟೋ ಕಮ್ಮಿ. ಲಂಡನ್ನಿನ ವೈದ್ಯರು ಪತ್ರಿಕೆಗಳಲ್ಲಿ ಮುಗಿಬಿದ್ದರು. ಅವರ ಇನ್ನೊಂದು ತಕರಾರೂ ನ್ಯಾಯವಾದದ್ದೇ ಆಗಿತ್ತು: ದೊಡ್ಡ ಆಸ್ಪತ್ರೆಗೆ ಬರೋದೇ ಕೈಮೀರಿದ ರೋಗಿಗಳು, ಹಳ್ಳಿ ಆಸ್ಪತ್ರೆಗೆ ಹೋಲಿಸಿದರೆ ಹೇಗೆ?

ಈ ತಕರಾರು ನಮ್ಮ ರಾಯಚೂರಿಗೆ ನೂರಕ್ಕೆ ನೂರು ಅನ್ವಯಿಸುತ್ತೆ. ‘ರಿಮ್ಸಿಗೆ ಹೋದ್ರ ಮುಗೀತು’ ಅನ್ನೋ ಮಾತನ್ನ ನಾನು ಎಷ್ಟು ಸಲ ಕೇಳಿದೀನೋ. ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2007ರಲ್ಲಿ ಶುರುವಾಯ್ತು. ದೇವದುರ್ಗದಲ್ಲಿ ಹಾವು ಕಚ್ಚಿದವರು, ಲಿಂಗಸುಗೂರು ರಸ್ತೆಯಲ್ಲಿ ಅಪಘಾತ ಆದವರು, ಎಣ್ಣೆ ಕುಡಿದ ರೈತರು (ಬೆಳೆಗೆ ಹೊಡೆಯೋ ಎಣ್ಣೆ), ರಕ್ತಸ್ರಾವ ನಿಲ್ಲದ ಬಾಣಂತಿಯರು ಕೊನೆಗೆ ಬಂದು ಸೇರೋದು ಅಲ್ಲಿಗೇ. ತಾಲೂಕಿನ ಸಣ್ಣ ನರ್ಸಿಂಗ್ ಹೋಮು ಕೈಮೀರುತ್ತೆ ಅನ್ನಿಸಿದ ಕೂಡಲೇ ‘ರಾಯಚೂರಿಗೆ ಒಯ್ರಿ’ ಅಂದುಬಿಡುತ್ತೆ. ಅಲ್ಲಿಗೆ ಆ ನರ್ಸಿಂಗ್ ಹೋಮಿನಲ್ಲಿ ಸಾವು ಸೊನ್ನೆ, ಸಾವಿನ ಲೆಕ್ಕ ಪೂರ್ತಿ ದೊಡ್ಡಾಸ್ಪತ್ರೆ ಹೆಸರಿಗೆ. ಸಕಾಲಕ್ಕೆ ಕಳಿಸಿಕೊಡೋದು ತಪ್ಪಲ್ಲ, ಒಳ್ಳೇ ಡಾಕ್ಟರ ಲಕ್ಷಣವೇ ಅದು. ಆದರೆ ‘ಅಲ್ಲಿ ಯಾರೂ ಸತ್ತಿಲ್ಲ’ ಅನ್ನೋದು ಒಂದು ಸರ್ಟಿಫಿಕೇಟು ಅಂತ ನಂಬಬೇಡಿ.

ಬಾಸ್ಟನ್ನಿನ ಒಬ್ಬ ಹಟವಾದಿ

ಲೆಕ್ಕ ಸರಿಯಾಗಿ ಇಡೋದು ಹೇಗೆ ಅಂತ ತೋರಿಸಿದವನು ಅರ್ನೆಸ್ಟ್ ಕಾಡ್‌ಮನ್, ಅಮೆರಿಕದ ಬಾಸ್ಟನ್ನಿನ ಸರ್ಜನ್. ಅವನ ವಾದ ಬಹಳ ಸರಳ: ಆಪರೇಶನ್ ಮಾಡಿದ ಪ್ರತಿ ರೋಗಿಯೂ ವರ್ಷದ ನಂತರ ಹೇಗಿದ್ದಾನೆ ಅಂತ ನೋಡಿ ಬರೆದಿಡಿ, ಚೆನ್ನಾಗಿಲ್ಲದಿದ್ದರೆ ಯಾಕೆ ಅಂತ ಹುಡುಕಿ, ಅದನ್ನ ಎಲ್ಲರಿಗೂ ತೋರಿಸಿ. ದೊಡ್ಡಾಸ್ಪತ್ರೆಯವರು ಒಪ್ಪಲಿಲ್ಲ. 1914ರಲ್ಲಿ ಅಲ್ಲಿ ರಾಜೀನಾಮೆ ಕೊಟ್ಟ. ಅಷ್ಟರಲ್ಲಿ ತನ್ನದೇ ಒಂದು ಪುಟ್ಟ ಆಸ್ಪತ್ರೆ, ನಮ್ಮ ಮಾತಲ್ಲಿ ನರ್ಸಿಂಗ್ ಹೋಮ್ ಅನ್ನಿ, ತೆಗೆದಿದ್ದ. 1911ರಿಂದ 1916ರವರೆಗೆ ಅಲ್ಲಿಂದ ಬಿಡುಗಡೆಯಾದ 337 ರೋಗಿಗಳ ಲೆಕ್ಕವನ್ನ ಅಚ್ಚು ಹಾಕಿಸಿದ. ಅದರಲ್ಲಿ 123 ತಪ್ಪುಗಳನ್ನ ತಾನೇ ಪಟ್ಟಿ ಮಾಡಿದ್ದ! ಇವತ್ತು ನಮ್ಮ ಯಾವ ಆಸ್ಪತ್ರೆ ಇದನ್ನ ಬೋರ್ಡಿಗೆ ಹಾಕುತ್ತೆ ಹೇಳಿ? ಆ ಕಾಲಕ್ಕೆ ಕಾಡ್‌ಮನ್ನನಿಗೆ ರೋಗಿಗಳೂ ಕಮ್ಮಿಯಾದರು, ಗೆಳೆಯರೂ ಕಮ್ಮಿಯಾದರು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಪದ್ಧತಿ ಬೆಳೆದಿದ್ದರ ಹಿಂದೆ ಅವನ ವಿಚಾರ ಇದೆ. ನಮ್ಮ ದೇಶದ ಎನ್‌ಎಬಿಎಚ್ ಮಾನ್ಯತೆ 2000ದ ದಶಕದ ನಡುವಿನಲ್ಲಿ ಬಂದಿದ್ದು, ಆ ಸಾಲಿನಲ್ಲಿ ತಡವಾಗಿ ಹುಟ್ಟಿದ ಕೂಸು.

1966ರಲ್ಲಿ ಅವೆದಿಸ್ ಡೊನಬೇಡಿಯನ್ ಇದಕ್ಕೊಂದು ಚೌಕಟ್ಟು ಕೊಟ್ಟ. ಆಸ್ಪತ್ರೆಯ ಗುಣಮಟ್ಟವನ್ನ ಮೂರು ಕಡೆ ನೋಡಬೇಕು. ಏನಿದೆ (ಕಟ್ಟಡ, ಯಂತ್ರ, ಸಿಬ್ಬಂದಿ), ಏನು ಮಾಡ್ತಾರೆ (ಪದ್ಧತಿ), ಕೊನೆಗೆ ಏನಾಗುತ್ತೆ (ಫಲ). ನಾವು ಸಾಧಾರಣವಾಗಿ ನೋಡೋದು ಮೊದಲನೇದನ್ನ. ಗ್ರಾನೈಟ್ ನೆಲ, ಎಸಿ ರೂಮು, ಲಿಫ್ಟು. ಕಟ್ಟೆ ಮೇಲೆ ಕೇಳೋದು ಮೂರನೇದನ್ನ, ಅದೂ ಒಂದೆರಡು ಕತೆಗಳ ಮೇಲೆ. ನಡುವಿನದನ್ನ ಯಾರೂ ಕೇಳಲ್ಲ. ವಿಯೆನ್ನಾದಲ್ಲಿ ಜೀವ ಉಳಿಸಿದ್ದು ಆ ನಡುವಿನದು, ಕೈ ತೊಳೆಯೋ ಕೆಲಸ.

ಇತ್ತೀಚಿನ ಉದಾಹರಣೆ ಬೇಕಾ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಶನ್ ಕೋಣೆಗೆ ಒಂದು ಪುಟದ ಪಟ್ಟಿ ತಂತು: ರೋಗಿ ಇವರೇನಾ, ಯಾವ ಕಡೆ ಕೊಯ್ಯಬೇಕು, ಆಂಟಿಬಯೋಟಿಕ್ ಕೊಟ್ಟಾಯ್ತಾ, ಬಟ್ಟೆ ಉಪಕರಣ ಎಣಿಸಿದಿರಾ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ಹೆರಿಗೆಗೂ ಅಂಥದೇ ಪಟ್ಟಿ ಮಾಡಿ ಮೊದಲ ಪ್ರಯೋಗ ನಡೆಸಿದ್ದು ನಮ್ಮ ಕರ್ನಾಟಕದ ಒಂದು ಉಪಜಿಲ್ಲಾ ಮಟ್ಟದ ಹೆರಿಗೆ ಆಸ್ಪತ್ರೆಯಲ್ಲಿ. ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೀತಿದ್ದವು, ಪಟ್ಟಿ ಬಂದ ಮೇಲೆ 25. ಅದೇ ಕಟ್ಟಡ, ಅದೇ ನರ್ಸುಗಳು.

ಅತ್ತಿಯ ವಿಷಯ

ಇಷ್ಟೆಲ್ಲ ಯಾಕೆ ಓದಿದೆ ಅಂದರೆ ನಮ್ಮ ಮನೆಯಲ್ಲೇ ಈ ಪ್ರಶ್ನೆ ಬಂದಿತ್ತು. ಊರಲ್ಲಿರೋ ಅತ್ತಿಗೆ ನಲವತ್ತೊಂದು ವರ್ಷ. ತಿಂಗಳ ಮುಟ್ಟು ಜಾಸ್ತಿ ಹೋಗ್ತದೆ ಅಂತ ಒಂದು ಕಡೆ ತೋರಿಸಿದರೆ, ಸ್ಕ್ಯಾನಿಂಗ್ ಮಾಡಿ ಅವತ್ತೇ ‘ಗರ್ಭಕೋಶ ತೆಗೀಬೇಕು, ಬಿಟ್ರ ಕ್ಯಾನ್ಸರ್ ಆಗ್ತದ’ ಅಂದರು. ಮಾಮಾ ರೊಕ್ಕ ಹೊಂದಿಸೋಕೆ ಶುರು ಮಾಡಿದರು. ಮನೆಯಲ್ಲಿ ಚರ್ಚೆ ಎಲ್ಲಾ ‘ಎಲ್ಲಿ ಮಾಡಿಸಬೇಕು’ ಅಂತ. ಮಾನ್ವಿಯಲ್ಲಾ, ಸಿಂಧನೂರಲ್ಲಾ, ರಾಯಚೂರಲ್ಲಾ? ಎಲ್ಲಿ ಎಷ್ಟು ಪ್ಯಾಕೇಜು? ಮಾಡಿಸಬೇಕಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದು ಅತ್ತಿನೇ: ‘ನಮ್ಮ ಓಣ್ಯಾಗ ಐದು ಮಂದಿಗೆ ತಗದಾರ. ಐದೂ ಮಂದಿಗೆ ಕ್ಯಾನ್ಸರ್ ಇತ್ತೇನು?’

ಆ ಪ್ರಶ್ನೆ ಎಷ್ಟು ದೊಡ್ಡದು ಅಂತ ಆಮೇಲೆ ಗೊತ್ತಾಯ್ತು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಸಲ ಗರ್ಭಕೋಶ ತೆಗೆದ ಲೆಕ್ಕ ಹಿಡೀತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 3.2 ಇದ್ದರೆ, ನಮ್ಮ ಎರಡೂ ಮಗ್ಗುಲಿನ ಆಂಧ್ರ, ತೆಲಂಗಾಣದಲ್ಲಿ 8.9 ಮತ್ತು 7.7. ಮೂರರಲ್ಲಿ ಎರಡು ಪಾಲು ಆಗಿದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಕಲಬುರಗಿ ಜಿಲ್ಲೆಯ ತಾಂಡಾಗಳ, ಬಡ ಓಣಿಗಳ ಹೆಂಗಸರು 2015ರಲ್ಲಿ ಇದೇ ವಿಷಯಕ್ಕೆ ಬೀದಿಗಿಳಿದಿದ್ದರು. ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು, ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋ ಮಾರ್ಗಸೂಚಿಯನ್ನ ಎಲ್ಲಾ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತು.

ನಾವು ರಾಯಚೂರಿನಲ್ಲಿ ಇಬ್ಬರು ಬೇರೆ ಬೇರೆ ಡಾಕ್ಟರ ಹತ್ತಿರ ಹೋದ್ವಿ. ಒಬ್ಬರು ಸರಕಾರಿ, ಒಬ್ಬರು ಖಾಸಗಿ. ಇಬ್ಬರಿಗೂ ಮೊದಲಿನವರು ಏನಂದ್ರು ಅಂತ ಹೇಳಲಿಲ್ಲ. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಇಲ್ಲ ಅಂತ ಬಂತು. ಸಣ್ಣ ಗಡ್ಡೆ ಇತ್ತು, ಮೈಯಲ್ಲಿ ರಕ್ತ ಕಮ್ಮಿ ಇತ್ತು. ಇಬ್ಬರೂ ಹೇಳಿದ್ದು ಒಂದೇ, ಮೊದಲು ಮಾತ್ರೆ ಕೊಟ್ಟು ನೋಡೋಣ, ಆಪರೇಶನ್ ಎಲ್ಲಿ ಹೋಗುತ್ತೆ. ಅತ್ತಿ ಈಗ ಹೊಲಕ್ಕೆ ಹೋಗ್ತಾಳೆ. ನಾಳೆ ಆಪರೇಶನ್ ಬೇಕಾಗಬಹುದು, ಬೇಕಾದರೆ ಮಾಡಿಸ್ತೀವಿ. ಆದರೆ ‘ಯಾವ ದವಾಖಾನಿ ಚಲೋ’ ಅನ್ನೋದಕ್ಕಿಂತ ಮುಂಚಿನ ಪ್ರಶ್ನೆ ಒಂದಿದೆ, ಅದನ್ನ ನಮಗೆ ಹೇಳಿಕೊಟ್ಟಿದ್ದು ಅವಳು.

ಕಾನೂನು ಏನು ಹೇಳುತ್ತೆ

1976ರ ಕಾಯ್ದೆ ಹೆಚ್ಚಾಗಿ ಕಾಗದದ ಮೇಲೇ ಇತ್ತು. 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟು, ದುಡ್ಡು ಕೊಟ್ಟು ಪಡೆಯೋ ವೈದ್ಯ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತೆ ಅಂತ ತೀರ್ಪು ಕೊಟ್ಟ ಮೇಲೆ ರೋಗಿಗೆ ಒಂದು ಕಟ್ಟೆ ಸಿಕ್ಕಿತು. ಆಮೇಲೆ ಬಂದಿದ್ದು ಕೆಪಿಎಂಇ, ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. 1976ರದನ್ನ ಇದು ರದ್ದು ಮಾಡಿತು. ನೋಂದಣಿ ಆಗದೆ ನರ್ಸಿಂಗ್ ಹೋಮ್ ನಡೆಸೋ ಹಾಗಿಲ್ಲ, ದರಪಟ್ಟಿ ಕಾಣೋ ಹಾಗೆ ಹಾಕಬೇಕು.

2017ರಲ್ಲಿ ಅದಕ್ಕೆ ತಿದ್ದುಪಡಿ ತರೋಕೆ ಆಗಿನ ಆರೋಗ್ಯ ಮಂತ್ರಿ ಕೆ.ಆರ್. ರಮೇಶ್ ಕುಮಾರ್ ಹೊರಟಾಗ ರಾಜ್ಯದ ಖಾಸಗಿ ಡಾಕ್ಟರುಗಳು ನವೆಂಬರಿನಲ್ಲಿ ಮುಷ್ಕರ ಹೂಡಿದ್ದು ನೆನಪಿರಬಹುದು. ದಿನಗಟ್ಟಲೆ ಹೊರರೋಗಿ ವಿಭಾಗಗಳು ಬಂದ್. ಕೊನೆಗೆ ಮಸೂದೆ ಸ್ವಲ್ಪ ಮೆತ್ತಗಾಗಿ ಪಾಸಾಯ್ತು. ಅದರಲ್ಲಿ ರೋಗಿಯ ಹಕ್ಕುಗಳ ಸನ್ನದು ಇದೆ, ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಿ ಅಂತ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ, ಬಾಕಿ ಇದೆ ಅಂತ ಹೆಣ ಹಿಡಿದಿಟ್ಟುಕೊಳ್ಳೋ ಹಾಗಿಲ್ಲ. ದೂರು ಕೇಳೋಕೆ ಜಿಲ್ಲಾ ಮಟ್ಟದಲ್ಲಿ ಒಂದು ಪ್ರಾಧಿಕಾರ ಇದೆ. ಕೆಪಿಎಂಇ ಸಂಖ್ಯೆ ಇರೋ ಬೋರ್ಡು ಹಾಕಬೇಕು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಅಂತ 2024ರಲ್ಲಿ ಇಲಾಖೆ ಹೇಳಿತು. ಮುಂದಿನ ಸಲ ಹೋದಾಗ ಆ ಬೋರ್ಡು ಹುಡುಕಿ ನೋಡಿ.

ನೋಂದಣಿ ಇದೆ ಅಂದರೆ ಒಳ್ಳೇದು ಅಂತಲ್ಲ, ಬಸ್ಸಿಗೆ ಪರ್ಮಿಟ್ ಇದ್ದ ಹಾಗೆ ಅಷ್ಟೇ. ಹೊರಗಿನಿಂದ ಕಾಣದ್ದು ಎಷ್ಟೋ ಇರುತ್ತೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರಾದ ಮೇಲೊಬ್ಬರು ಸತ್ತಾಗ ಬೊಟ್ಟು ಹೋಗಿದ್ದು ಸಲೈನ್ ಥರದ ದ್ರಾವಣದ ಬಾಟಲಿಯ ಕಡೆಗೆ. ಯಾವ ಮನೆಯವರು ಬಾಟಲಿ ಪರೀಕ್ಷೆ ಮಾಡೋಕಾಗುತ್ತೆ? ಅದು ಸರಕಾರದ್ದೇ ಕೆಲಸ.

ರೊಕ್ಕ ಇಲ್ಲದವರ ಆಯ್ಕೆ

ಒಂದು ಮಾತು ಹೇಳದಿದ್ದರೆ ಈ ಚರಿತ್ರೆ ಅರ್ಧ. 2002ರ ನಂಜುಂಡಪ್ಪ ಸಮಿತಿ ವರದಿಯಲ್ಲಿ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿ ಇದೆ. ಅದರಲ್ಲಿ 21 ಕಲಬುರಗಿ ವಿಭಾಗದವು, ದೇವದುರ್ಗ, ಮಾನ್ವಿ ಎರಡೂ ಅದರಲ್ಲಿವೆ. ಅದೇ ಕಾಲಕ್ಕೆ ರಾಯಚೂರಿನಲ್ಲಿ ಒಪೆಕ್ ನಿಧಿಯ ನೆರವಿನಿಂದ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಶಾಲಿಟಿ ಆಸ್ಪತ್ರೆಯನ್ನ, ನಮ್ಮ ಮಂದಿ ಬಾಯಲ್ಲಿ ‘ಓಪೆಕ್’, ಅಪೋಲೊ ಸಂಸ್ಥೆಗೆ ನಡೆಸೋಕೆ ಕೊಟ್ಟರು. ಕಟ್ಟಡ, ಜಾಗ ಸರಕಾರದ್ದು, ನಿರ್ವಹಣೆ ಅವರದ್ದು, ಮೊದಲ ಮೂರು ವರ್ಷದ ನಷ್ಟ ಸರಕಾರ ತುಂಬಿಕೊಡೋದು ಅಂತ ಒಪ್ಪಂದ. 2012ರಲ್ಲಿ ಅವಧಿ ಮುಗಿದು ಸರಕಾರದ ಕೈಗೇ ಬಂತು. ಒಂದೇ ಕಟ್ಟಡ ಎರಡು ಆಡಳಿತ ಕಂಡಿದೆ. ಆಗ ಚಲೋ ಇತ್ತಾ ಈಗ ಚಲೋ ಇದೆಯಾ ಅನ್ನೋ ವಾದ ಕಟ್ಟೆ ಮೇಲೆ ಮುಗಿದಿಲ್ಲ.

ಇನ್ನೊಂದು ಹೋಲಿಕೆ ಮಾತ್ರ ಚೆನ್ನಾಗಿ ಲೆಕ್ಕ ಆಗಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾಗಿದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಬಡವರಿಗೆ ಹೃದಯ, ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗೆ ದೊಡ್ಡ ಆಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ. ಯೋಜನೆ ಇದ್ದ ಕಡೆಯ 300, ಗಡಿಯಾಚೆ ಇನ್ನೂ ಬರದ ಕಡೆಯ 272 ಹಳ್ಳಿಗಳನ್ನ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಬಂತು. ಆ ಕಾಯಿಲೆಗಳಿಂದ ಸತ್ತ ಬಡವರ ಪ್ರಮಾಣ ಯೋಜನೆ ಇದ್ದ ಕಡೆ ನೂರಕ್ಕೆ 0.32, ಇಲ್ಲದ ಕಡೆ 0.90. ಯೋಜನೆಗೆ ಸೇರದ ಅನುಕೂಲಸ್ಥರಲ್ಲಿ ಎರಡೂ ಕಡೆ ವ್ಯತ್ಯಾಸ ಇರಲಿಲ್ಲ. ಅಂದರೆ ಒಳ್ಳೇ ದವಾಖಾನಿ ಯಾವುದು ಅಂತ ಗೊತ್ತಿದ್ದರೆ ಸಾಲದು, ಅದರ ಬಾಗಿಲು ದಾಟೋ ಶಕ್ತಿ ಇರಬೇಕು. 2022ರ ಮೇ 13ರಂದು ರಾಯಚೂರಿಗೆ ಏಮ್ಸ್ ಬೇಕು ಅಂತ ಧರಣಿ ಕೂತವರು ಸಾವಿರ ದಿನ ದಾಟಿದರೂ ಏಳದೆ ಕೂತಿದ್ದು ಇದೇ ಕಾರಣಕ್ಕೆ.

ಕೊನೆಗೆ, ನಮ್ಮ ಪಟ್ಟಿ

ಚರಿತ್ರೆಯಿಂದ ನಾವು ಕಲಿತಿದ್ದನ್ನ ಮನೆಯ ಕ್ಯಾಲೆಂಡರಿನ ಹಿಂದೆ ಹೀಗೆ ಬರೆದಿಟ್ಟಿದೀವಿ:

1. ಈ ಆಪರೇಶನ್ ಬೇಕೇ ಬೇಕಾ? ಮಾಡಿಸದಿದ್ದರೆ ಏನಾಗುತ್ತೆ? ಬೇರೆ ದಾರಿ ಇದೆಯಾ? (ಅತ್ತಿಯ ಪ್ರಶ್ನೆ)
2. ತಿಂಗಳಿಗೆ ಇಂಥವು ಎಷ್ಟು ಮಾಡ್ತೀರಿ? ಹೆಚ್ಚು ಮಾಡೋ ಕಡೆ ಸಾವು ಕಮ್ಮಿ ಅಂತ 1979ರಲ್ಲೇ ಅಮೆರಿಕದಲ್ಲಿ ಲೆಕ್ಕ ಹಾಕಿ ತೋರಿಸಿದಾರೆ. ಆದರೆ ಒಂದನೇ ಪ್ರಶ್ನೆ ಮರೆತು ಇದನ್ನ ಕೇಳಬಾರದು, ಬೇಡದ್ದನ್ನೂ ಹೆಚ್ಚು ಮಾಡ್ತಿರಬಹುದು!
3. ರಾತ್ರಿ ಯಾರಿರ್ತಾರೆ? ಅರಿವಳಿಕೆ ಕೊಡೋರು ಯಾರು? ರಕ್ತ ಬೇಕಾದರೆ ಎಲ್ಲಿಂದ?
4. ಕೈಮೀರಿದರೆ ಎಲ್ಲಿಗೆ ಕಳಿಸ್ತೀರಿ, ಹೇಗೆ?
5. ಕೆಪಿಎಂಇ ಬೋರ್ಡು, ದರಪಟ್ಟಿ ಇದೆಯಾ? ಬಿಲ್ಲು, ರಿಪೋರ್ಟು ಕೈಗೆ ಕೊಡ್ತಾರಾ?
6. ವಾರ್ಡಿನ ನಲ್ಲಿಯಲ್ಲಿ ನೀರು ಬರುತ್ತಾ, ಪಕ್ಕದಲ್ಲಿ ಸೋಪು ಇದೆಯಾ? (ಸೆಮ್ಮೆಲ್‌ವೈಸನ ಪ್ರಶ್ನೆ)
7. ಪ್ರಶ್ನೆ ಕೇಳಿದರೆ ಡಾಕ್ಟರು ಕೂತು ಉತ್ತರ ಕೊಡ್ತಾರಾ, ಬೈತಾರಾ?

ಏಳರಲ್ಲಿ ಐದಕ್ಕೆ ಉತ್ತರ ಸಿಕ್ಕರೂ ಕಟ್ಟೆ ಮೇಲಿನ ಜಾತಕಕ್ಕಿಂತ ಮೇಲು ಅಂತ ನನ್ನ ಅನಿಸಿಕೆ. ನಿಮ್ಮ ಊರುಗಳ ಹಳೇ ದವಾಖಾನಿಗಳ ಕತೆ, ಮಿಶನ್ ಆಸ್ಪತ್ರೆಗಳ ಕತೆ, ಹೆಸರಾದ ಸೂಲಗಿತ್ತಿಯರ ಕತೆ ಗೊತ್ತಿದ್ದರೆ ನೀವೂ ಬರೀರಿ. ಡಾಕ್ಟರುಗಳು ಇದನ್ನ ಓದ್ತಿದ್ದರೆ ಪಟ್ಟಿಗೆ ಎಂಟನೇದು ಸೇರಿಸಿ.